ಐವತ್ತರ ರಸ್ತೆಯಲ್ಲಿ ಎಪ್ಪತ್ತೊಂದು

ಮೇ 14

ಬೆಳಿಗ್ಗೆಯಿಂದ ಏಳು ಜೋಡಿ ಗಾಜು ಉಜ್ಜಿದೆ. ಒಂದು ಫ್ರೇಮಿಗೆ ಕೂರಲೇ ಇಲ್ಲ, ಮತ್ತೆ ಉಜ್ಜಿದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ. ಅದೊಂದು ಸುಖ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ಕವರ್. ವಿದೇಶದ್ದು. ನನ್ನಾಕೆಯ ಹೆಸರಿಗೆ.

ಅವಳು ಹೋಗಿ ಒಂಬತ್ತು ವಾರ. ತೆರೆಯಲಿಲ್ಲ. ಫ್ರಿಜ್ ಮೇಲಿಟ್ಟೆ.

ಮೇ 15

ಮಗಳು ಬಂದಳು, ಕವರ್ ನೋಡಿದಳು, ಹರಿದಳು. ಜನವರಿಯಲ್ಲಿ ನಾನೂ ನನ್ನಾಕೆಯೂ ಹತ್ತು ದಿನ ಸುತ್ತಿ ಬಂದೆವಲ್ಲ, ಅಲ್ಲಿ ಹಿಡಿದ ಬಾಡಿಗೆ ಕಾರಿಗೆ ದಂಡ. ಐವತ್ತರ ಮಿತಿಯ ರಸ್ತೆಯಲ್ಲಿ ಎಪ್ಪತ್ತೊಂದು. ಕ್ಯಾಮೆರಾ ಹಿಡಿದಿದೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವಳು. ಒಂದು ದಿನವೂ ದಂಡ ಕಟ್ಟಿದವಳಲ್ಲ.

"ತಲೆ ಕೆಡಿಸ್ಕೋಬೇಡಪ್ಪ. ಅಮ್ಮನ ಡೆತ್ ಸರ್ಟಿಫಿಕೇಟ್ ಕಳಿಸಿದ್ರೆ ಕೇಸ್ ಕ್ಲೋಸ್. ಇಲ್ಲೇ ಬರೆದಿದೆ ನೋಡು."

ನಾಳೆ ಕಳಿಸೋಣ ಅಂದೆ.

ಮೇ 19

ಕಳಿಸಿಲ್ಲ. ಬ್ಯಾಂಕಿಗೆ, ಗ್ಯಾಸ್ ಆಫೀಸಿಗೆ ಎಲ್ಲ ಮಗಳೇ ಆ ಕಾಗದ ಕೊಟ್ಟು ಬಂದಳು. ನನ್ನ ಕೈಯಿಂದ ಇನ್ನೂ ಎಲ್ಲಿಗೂ ಹೋಗಿಲ್ಲ.

ಸಂಜೆ ಸ್ಕೂಲಿನ ಕಡೆ ನಡೆದೆ. ಈಗ ಕ್ಲಚ್ಚಮ್ಮ ನೋಡಿಕೊಳ್ಳುತ್ತಾಳೆ. ಕಲಿಯುವಾಗ ಎರಡು ಕ್ಲಚ್ ಸುಟ್ಟಳೆಂದು ನನ್ನಾಕೆ ಇಟ್ಟ ಹೆಸರು. ಕೊನೆಗೆ ಅವಳನ್ನೇ ಟೀಚರ್ ಮಾಡಿದಳು.

"ಮೇಡಂಗೆ ಫೈನಾ? ಸುಮ್ನಿರಿ ಸಾರ್! ನಮ್ಮ ಗೇಟಿಂದ ಈಚೆ ಬರೋಕೂ ಇಂಡಿಕೇಟರ್ ಹಾಕ್ತಿದ್ರು. ನಾಯಿ ಬಿಟ್ರೆ ನೋಡೋರು ಯಾರೂ ಇರ್ತಿರಲಿಲ್ಲ. ನಾಯಿಗೂ ಗೊತ್ತಾಗ್ಬೇಕಲ್ಲಮ್ಮ ಅನ್ನೋರು." ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೇರೆ ಯಾರದೋ ಕಾರಿರ್ಬೇಕು. ಫೋಟೋ ತರಿಸಿ ನೋಡಿ."

ಮೇ 20

ಡಿಕ್ಷನರಿ ಹಿಡಿದು ಕಾಗದದ ಹಿಂಬದಿ ಓದಿದೆ. ಎರಡು ಗಂಟೆ ಹಿಡಿಯಿತು. ಫೋಟೋ ಇದೆ. ಕೇಳಿದರೆ ಕಳಿಸುತ್ತಾರೆ. ಆದರೆ ಓಡಿಸಿದವರಿಗೆ ಮಾತ್ರ. ಕೇಸ್ ಮುಗಿದರೆ ಅಳಿಸಿಹಾಕುತ್ತಾರೆ.

ಅಂದರೆ ಸರ್ಟಿಫಿಕೇಟ್ ಹೋದ ದಿನ ಫೋಟೋವೂ ಹೋಯಿತು.

ಆಲ್ಬಮ್ ಎಲ್ಲ ತೆಗೆದು ನೋಡಿದೆ. ಸ್ಕೂಲಿನ ಕಾರಿನಲ್ಲಿ ಅವಳು ಯಾವಾಗಲೂ ಕಲಿಯುವವರ ಪಕ್ಕದ ಸೀಟು. ಸ್ಟೀರಿಂಗ್ ಹಿಡಿದ ಫೋಟೋ ಒಂದಾದರೂ ಬೇಡವೆ? ಇಲ್ಲ. ಆ ಹತ್ತು ದಿನದ್ದರಲ್ಲಿ ಎಲ್ಲ ನಾನೇ. ತೆಗೆದವಳು ಅವಳು. ಸೇತುವೆ ಮುಂದೆ ನಾನು, ಕಾರಂಜಿ ಮುಂದೆ ನಾನು, ಕೋಟು ಹಾಕಿದ ಕಂಬದ ಹಾಗೆ.

ಮೇ 22

ಫಾರಂ ತುಂಬಿದೆ. "ವಾಹನ ಓಡಿಸುತ್ತಿದ್ದವನು ನಾನೇ." ಟಿಕ್. ಸಹಿ. ಫೋಟೋ ಬೇಕು, ಟಿಕ್.

ಅಂಚೆ ಡಬ್ಬಿಗೆ ಹಾಕಿ ತಿರುಗಿ ನೋಡದೆ ಬಂದೆ. ಕದ್ದವನ ಹಾಗೆ.

ಜೂನ್ 11

ಮಗಳಿಗೆ ಗೊತ್ತಾಯಿತು. ಫಾರಂನಲ್ಲಿ ನಾನು ಬರೆದದ್ದು ಅವಳ ಈಮೇಲ್ ವಿಳಾಸ, ದಂಡದವರ ಉತ್ತರ ಅವಳಿಗೇ ಹೋಗಿದೆ.

"ಅಪ್ಪಾ! ಸೈಕಲ್ ಮೇಲೇ ಸರಿಯಾಗಿ ಕೂರಕ್ಕೆ ಬರಲ್ಲ ನಿನಗೆ. ಲೈಸೆನ್ಸೇ ಇಲ್ಲದೆ ನಾನೇ ಓಡಿಸ್ದೆ ಅಂತ ಬರ್ಕೊಟ್ಟಿದ್ದೀಯಲ್ಲ! ಲೈಸೆನ್ಸ್ ನಂಬರ್ ಕೇಳಿದ್ದಾರೆ. ಏನು ಕೊಡ್ತೀಯಾ, ಕನ್ನಡಕದ ನಂಬರ್ರಾ?"

ಕನ್ನಡಕ ತೆಗೆದು ಒರೆಸಿದೆ.

"ಯಾಕಪ್ಪಾ ಹೀಗೆ ಮಾಡ್ದೆ?"

ಫೋಟೋ ಅಂದೆ.

ಮಗಳು ನನ್ನ ಅಂಗಿಯ ಬಿಚ್ಚಿದ್ದ ಗುಂಡಿ ಹಾಕಿದಳು. ಅವರಮ್ಮ ಹಾಕುತ್ತಿದ್ದ ಹಾಗೆಯೇ, ಸ್ವಲ್ಪ ಜೋರಾಗಿ ಎಳೆದು.

"ಬರಲಿ. ಬಂದ ಮೇಲೆ ತಪ್ಪಾಯ್ತು ಅಂತ ಬರೆಯೋಣ. ಆದ್ರೆ ಆಗ ಸರ್ಟಿಫಿಕೇಟೂ ಹೋಗ್ಬೇಕು. ಸರೀನಾ?"

ತಲೆಯಾಡಿಸಿದೆ.

ಜೂನ್ 27

ಬಂತು. ಮಗಳು ಪಕ್ಕದಲ್ಲಿ ಕುಳಿತಳು. ಜೊತೆಗೊಂದು ಕಾಗದ: ಚಿತ್ರದಲ್ಲಿ ಓಡಿಸುತ್ತಿರುವವರು ಹೆಂಗಸು, ನೀವಲ್ಲವೆಂದು ತೋರುತ್ತದೆ, ದಯವಿಟ್ಟು ಸರಿಯಾದ ವಿವರ ಕೊಡಿ. ಬಯ್ದಿಲ್ಲ. ಮರ್ಯಾದಸ್ಥರು.

ಅವಳೇ. ಸಂಶಯವೇ ಇಲ್ಲ. ಕಂದು ಸ್ವೆಟರ್. ಪಕ್ಕದ ಸೀಟಿನಲ್ಲಿ ನನ್ನ ಮುಖ, ಎದೆ ಇರಬೇಕಾದ ಕಡೆ ಬೂದು ಚೌಕ. ದಂಡಕ್ಕೆ ಸಂಬಂಧ ಇಲ್ಲದವರನ್ನು ಹಾಗೆ ಮುಚ್ಚುತ್ತಾರಂತೆ.

ಅಂಗಡಿಯ ಭೂತಗಾಜು ಇಟ್ಟು ನೋಡಿದೆ. ಸ್ಟೀರಿಂಗ್ ಮೇಲೆ ಒಂದೇ ಕೈ. ಇನ್ನೊಂದು ಆ ಚೌಕದೊಳಗೆ ಹೋಗಿದೆ. ಬಾಯಿ ತೆರೆದಿದೆ. ಇಷ್ಟು ಹೆದರಿದ ಮುಖ ನಾನು ಕಂಡದ್ದಿಲ್ಲ, ಹೆರಿಗೆಯ ದಿನವೂ.

ಫೋಟೋದ ಮೂಲೆಯಲ್ಲಿ: ಜನವರಿ 17, ಮಧ್ಯಾಹ್ನ 3.40. ಆ ದಿನ ಊಟ ತಪ್ಪಿತ್ತು. ನಾನು ಸಕ್ಕರೆ ಕಾಯಿಲೆಯವನು, ಹೊತ್ತಿಗೆ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ. ಬೆವರು ಬಂತು, "ಸ್ವಲ್ಪ ಕಣ್ಣು ಮುಚ್ಕೋತೀನಿ" ಅಂದದ್ದು ನೆನಪು. ಆಮೇಲೆ ಕಣ್ಣು ಬಿಟ್ಟರೆ ಕಾರು ಪೆಟ್ರೋಲ್ ಬಂಕಿನಲ್ಲಿ ನಿಂತಿದೆ. ಬಾಯಿ ತುಂಬ ಸಿಹಿ, ಗಲ್ಲ ಎಲ್ಲ ಅಂಟು. ಜ್ಯೂಸಿನ ಬಾಟಲಿ ಹಿಡಿದು ಅವಳು.

ಏನಾಯ್ತೇ ಅಂದೆ.

"ಏನಿಲ್ಲ ರೀ. ಗೊರಕೆ ಹೊಡೀತಿದ್ರಿ."

ನಂಬಿದೆ. ಬಾಟಲಿಯ ಮುಚ್ಚಳ ತಿರುಗಿಸಲು ಅವಳಿಗೆ ಮೂರು ಸಲ ಬೇಕಾಯಿತು. ಚಳಿಗೆ ಅಂದುಕೊಂಡೆ. ಆಮೇಲೂ ಅವಳು ಆ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಅದು ನಿದ್ದೆಯಲ್ಲ, ಪ್ರಜ್ಞೆ ತಪ್ಪಿತ್ತು ಅಂತ ಮಗಳಿಗೆ ಹೇಳಿದೆ. ನನ್ನ ತೋಳಿಗೆ ತಲೆ ಒರಗಿಸಿಕೊಂಡು ಕೂತಳು.

ಜೂನ್ 28, ಬೆಳಿಗ್ಗೆ

ಹೊಸ ಫಾರಂ. ಓಡಿಸಿದವರು: ಅವಳ ಹೆಸರು ಬರೆದೆ. ತೀರಿಕೊಂಡಿದ್ದರೆ ದಿನಾಂಕ: ಬರೆದೆ. ಸರ್ಟಿಫಿಕೇಟನ್ನು ನಾನೇ ಮಡಿಸಿ ಒಳಗಿಟ್ಟೆ. ಆಯಿತು. ಬರೆದರೂ ನಾನು ಬಿದ್ದುಹೋಗಲಿಲ್ಲ.

ಕೊನೆಯಲ್ಲಿ, ಹೇಳುವುದಿದ್ದರೆ ಬರೆಯಲು ಐದು ಗೆರೆ. ಬೇಕಾಗಿಲ್ಲ ಅಂದಳು ಮಗಳು. ನನಗೆ ಬೇಕು. ನಮ್ಮ ಭಾಷೆಯಲ್ಲೇ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಮಗಳು ಇಂಗ್ಲಿಷಿಗೆ ಹಾಕಲಿ—

ಸ್ವಾಮಿ, ಆಕೆ ವೇಗದ ಹುಚ್ಚಿನವಳಲ್ಲ. ನೀವು ಬೂದು ಬಣ್ಣ ಬಳಿದಿರುವುದು ನನಗೆ. ಸಂಬಂಧ ಇಲ್ಲದವನಲ್ಲ. ಆಕೆಯ ಬಾಯಿ ತೆರೆದಿದೆ, ನೋಡಿ. ನನ್ನನ್ನು ಕರೆಯುತ್ತಿದ್ದಾಳೆ. ಆಗ ನನಗೆ ಕೇಳಿಸಲಿಲ್ಲ. ಈಗ ಕೇಳಿಸುತ್ತಿದೆ.