ಆಟದೊಳಗಿನ ಚರಗ

ಕಾಂತೇಶಣ್ಣಾ,

ನೀನು ತೀರಿಕೊಂಡ ಮೇಲೆ ಇದು ಮೊದಲ ಸೀಗೆ ಹುಣ್ಣಿಮೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ರೊಟ್ಟಿ-ಪಲ್ಯದ ಚರಗ ಚೆಲ್ಲಿ ಬಂದವಳು ಯಾಕೋ ನಿನ್ನ ಕಂಪ್ಯೂಟರ್ ಹಚ್ಚಿದೆ. ನಿನ್ನ ಆಟ ನೀನು ಬಿಟ್ಟಲ್ಲೇ ತೆರೆಯಿತು. ಗುಡ್ಡದ ಮೇಲೆ ನಮ್ಮ ತೊರಗಲ್ಲಿನಂಥದೇ ಒಂದು ಕೋಟೆ, ಕೆಳಗೆ ಗೋಧಿ ಹೊಲ, ಅದರಲ್ಲಿ ನಿನ್ನ ಕುದುರೆ.

ಹಿಂದೆ ನಿಂತಿದ್ದ ಅವ್ವ ಕೇಳಿದಳು, "ಕುದುರಿ ಸುತ್ತ ಏನ ಬಿದ್ದಾವ?"

"ಬ್ರೆಡ್, ಅವ್ವಾ. ಆಟದಾಗೂ ಹೊಲ ಕಂಡಲ್ಲೆ ಅಣ್ಣ ಚರಗ ಚೆಲ್ಲತಿದ್ದ. ಅಲ್ಲಿ ರೊಟ್ಟಿ ಸಿಗಂಗಿಲ್ಲ."

"ಯಾರ ಹೊಲಾನೋ ಏನೋ, ಹುಚ್ಚ," ಎಂದು ಅವ್ವ ಸೆರಗಿನಿಂದ ಪರದೆ ಒರೆಸಿದಳು.

ಆಟದ ಆ ಕೋಟೆಯೂರಲ್ಲಿ ಜ್ವರದಿಂದ ಮಲಗಿದ ಮುದುಕನೊಬ್ಬನಿದ್ದಾನಲ್ಲ, ಅವನಿಗೆ ನೀನು ಔಷಧಿ ಒಯ್ಯಬೇಕಿತ್ತು. ಮೊದಲು ಅದನ್ನು ಕೊಟ್ಟು ಬಾ ಎಂದು ನಾನು ಗಂಟು ಬಿದ್ದರೆ ನೀನು ನಗುತ್ತಿದ್ದೆ. "ಅವಸರ ಮಾಡಬ್ಯಾಡ ರೇಣು. ನಾವು ಹೋಗೂತನಕ ಅಂವ ಸಾಯಂಗಿಲ್ಲ. ಅದಕ್ಕ ನನಗ ಈ ಆಟ ಸೇರತೈತಿ." ಹಾಗೆಂದು ಕುದುರೆ ತಿರುಗಿಸಿ, ಕಂಡ ಹೊಳೆ, ಕಂಡ ಗುಡ್ಡ ಸುತ್ತಲು ಹೊರಡುತ್ತಿದ್ದೆ.

ಇವತ್ತು ಔಷಧಿ ನಾನೇ ಒಯ್ದೆ. ನೀನು ಚೆಲ್ಲಿದ್ದನ್ನು ಕುದುರೆ ತುಳಿಯದ ಹಾಗೆ ಬದುವಿನ ಮೇಲೆ ನಡೆಸಿಕೊಂಡು ಹೋದೆ. ಮುದುಕ ಕಣ್ಣು ಬಿಟ್ಟು, ಸರಿಯಾದ ಹೊತ್ತಿಗೆ ಬಂದೆ ಎಂದ. ಯಾವಾಗ ಹೋದರೂ ಅವನು ಹೇಳುವುದು ಅದನ್ನೇ ಇರಬೇಕು.

ನೀನು ತೀರಿಕೊಂಡ ದಿನ ಕಿತ್ತೂರಿನಿಂದ ನೀನಿದ್ದ ಬೆಳಗಾವಿಯ ಆಸ್ಪತ್ರೆಗೆ ಹೊರಟ ನನ್ನ ಬಸ್ಸು ಎಂ.ಕೆ. ಹುಬ್ಬಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತೇ ಇತ್ತು, ಅಣ್ಣಾ.

ರೇಣು