ಹೋಗದೆ ಉಳಿದ ಗೆರೆ

ಮಾರ್ಚ್ ೧೪, ಶುಕ್ರವಾರ
ಪ್ರಯೋಗಾಲಯದ ಹಿಂದಿನ ಮೆಟ್ಟಿಲ ಮೇಲೆ ಕೂತು

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತವಳಿಗೆ ಇದನ್ನು ಕೇಳುವ ಮುಖವಿಲ್ಲ. ಬೈದುಕೋ, ಆದರೆ ಓದು. ವಿಜ್ಞಾನದ ತರಗತಿಯಲ್ಲಿ ಮಕ್ಕಳು ನಿನ್ನನ್ನು ‘ಢಂ ಮೇಡಂ’ ಎನ್ನುತ್ತಾರೆಂದು ಓದಿ ಒಬ್ಬಳೇ ನಕ್ಕೆ. ಮಗಳಿಗೆ ಹಲ್ಲು ಬಂತೇ?

ಇಲ್ಲಿ ನನಗೆ ಮೂರು ದಿನದಿಂದ ತುತ್ತು ಇಳಿಯುತ್ತಿಲ್ಲ.

ನಮ್ಮ ಕಿಣ್ವ ನೆನಪಿದೆಯಲ್ಲ, ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್‌ಗಳ ಮೇಲೆ ಗುರುತು ಹಾಕುವುದು? ಅದನ್ನು ತಡೆಯುವ ಮದ್ದನ್ನು ರೋಗಿಗಳಿಗೆ ಕೊಟ್ಟು ನೋಡಲು ಔಷಧ ಕಂಪನಿಯೊಂದು ಸಿದ್ಧವಾಗಿದೆ. ಅದಕ್ಕೆ ಮುಂಚೆ ಬ್ಲಾಕಿಂಗ್ ಪೆಪ್ಟೈಡ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಸೋಮವಾರದೊಳಗೆ ಕಳಿಸಿ ಎಂದರು ಕಂಪನಿಯವರು. ಹೊಸದಾಗಿ ಸೇರಿದವಳಿಗೆ, ನೀನು ನನಗೆ ಕಲಿಸಿದ ಮಾತಿನಲ್ಲೇ ಹೇಳಿಕೊಟ್ಟೆ: “ಆಂಟಿಬಾಡಿ ಕಿಣ್ವವನ್ನ ಕಚ್ಚಿ ಹಿಡಿಯತ್ತೆ, ಅದಕ್ಕೇ ಫಿಲ್ಮ್ ಮೇಲೆ ಕಪ್ಪು ಗೆರೆ. ಪೆಪ್ಟೈಡ್ ಅಂದ್ರೆ ಆ ಕಿಣ್ವದ್ದೇ ಒಂದು ಚೂರು, ನಾವು ಮಾಡಿಸಿದ್ದು. ಮೊದಲೇ ಅದನ್ನ ತಿನ್ನಿಸಿ ಬಾಯಿ ತುಂಬಿಸಿಬಿಟ್ರೆ ಆಂಟಿಬಾಡಿ ಕಿಣ್ವವನ್ನ ಕಚ್ಚಲ್ಲ, ಗೆರೆ ಹೋಗ್ಬೇಕು. ಹೋಗ್ಲಿಲ್ವಾ, ಅದು ಹಿಡಿದಿದ್ದು ಬೇರೆ ಯಾವುದನ್ನೋ.”

ಗೆರೆ ಹೋಗಲಿಲ್ಲ ಗುಬ್ಬಿ. ಮೂರು ಸಲ ಮಾಡಿದೆ, ಮೂರು ಸಲವೂ ಇದ್ದಲ್ಲೇ ಇದೆ. ಐದು ವರ್ಷ ನಾವು ಬೇರೆ ಯಾವುದೋ ಪ್ರೋಟೀನನ್ನು ಈ ಕಿಣ್ವದ ಹೆಸರಿಟ್ಟು ಕರೆಯುತ್ತಿದ್ದೆವು.

ಐದು ವರ್ಷದ ಹಿಂದೆ ನಿನ್ನ ಫಿಲ್ಮ್ ಮೇಲೂ ಗೆರೆ ಹೋಗದೆ ಉಳಿದಾಗ ನೀನು ಬಡಕೊಂಡದ್ದೂ ಇದನ್ನೇ. “ನಿನ್ನ ಕೈ ಚೊಕ್ಕಟವಿಲ್ಲ. ಇವಳದ್ದು ನೋಡು, ಗೆರೆ ಹೇಗೆ ಹೋಗಿದೆ!” ಎಂದು ಪ್ರೊಫೆಸರ್ ಎಲ್ಲರೆದುರು ನನ್ನ ಫಿಲ್ಮಿನ ಚಿತ್ರವನ್ನು ನಿನ್ನ ಮುಖಕ್ಕೆ ಹಿಡಿದಿದ್ದರು. ಆ ವಾರವೇ ನೀನು ಕೆಲಸ ಬಿಟ್ಟೆ.

ನಿನ್ನೆ ಅವರಿಗೆ ಹೊಸ ಫಿಲ್ಮ್ ತೋರಿಸಿದೆ. ಎದ್ದು ಬಾಗಿಲು ಹಾಕಿ ಬಂದು, “ಆ ಹಳೇ ಚಿತ್ರಾನೇ ಕಳಿಸಿಬಿಡಮ್ಮ. ನಿನ್ನ ಕೈಯಲ್ಲೇ ಆಗಿದ್ದಲ್ವಾ? ಸಹಿ ಹಾಕೋಕೆ ಏನು ಭಯ?” ಎಂದು ನಕ್ಕರು. ಸಹಿ ಹಾಕಿದರೆ ಆ ಮದ್ದು ಯಾರ ಯಾರ ಮೈ ಸೇರುತ್ತದೋ. ಹಾಕದಿದ್ದರೆ ಯಾಕೆಂದು ಬಾಯಿ ಬಿಡಬೇಕು. ಫೋನ್ ಸದ್ದಾದರೂ ಬೆಚ್ಚಿಬೀಳುತ್ತೇನೆ, ಅಮ್ಮನೆದುರು ಮಾತ್ರ ಏನೂ ಆಗದವಳ ಹಾಗೆ ಓಡಾಡುತ್ತೇನೆ. ಹೆದರಿಕೆ ಕಣೇ, ತುಂಬಾ ಹೆದರಿಕೆ.

ನಿನಗೂ ಮನೆಯವರಿಗೂ ಒಳ್ಳೆಯದಾಗಲಿ. ಮಗಳು ನಿನ್ನ ಹಾಗೆಯೇ ಕಂಡದ್ದನ್ನು ಕಂಡಂತೆ ಹೇಳುವವಳಾಗಲಿ.

ನಿನ್ನ,
ಮೊದ್ದು

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನನ್ನ ಆ ಹಳೇ ಚಿತ್ರದಲ್ಲಿ ಗೆರೆ ಹೋದದ್ದು ಪೆಪ್ಟೈಡ್‌ನಿಂದಲ್ಲ. ಪೆಪ್ಟೈಡ್ ಮಾತ್ರ ಹಾಕಿ, ಆಂಟಿಬಾಡಿ ಹಾಕುವುದನ್ನೇ ನಾನು ಮರೆತಿದ್ದೆ. ನೀನು ಹೊರಟ ದಿನ ಐಸ್ ಡಬ್ಬಿ ತೊಳೆಯುವಾಗ, ಆ ಪರೀಕ್ಷೆಗೆಂದು ತೆಗೆದಿಟ್ಟಿದ್ದ ಆಂಟಿಬಾಡಿಯ ಟ್ಯೂಬ್ ತುಂಬಿದ್ದು ತುಂಬಿದ ಹಾಗೆಯೇ ಸಿಕ್ಕಿತು. ಪಕ್ಕದಲ್ಲೇ ಮೇಜು ಖಾಲಿ ಮಾಡುತ್ತಿದ್ದ ನೀನು, “ದಾರ ಇದೆಯೇನೇ?” ಎಂದು ಕೇಳಿದೆ. ಟ್ಯೂಬನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ದಾರ ಹುಡುಕಿ ತಂದು ನಿನ್ನ ಪೆಟ್ಟಿಗೆಗೆ ಗಂಟು ನಾನೇ ಹಾಕಿದೆ.