ಬಾಗಿಲ ಪಕ್ಕದ ಜಾಗ

ಅಪ್ಪಾ,

ಇವತ್ತು ಬಾತ್ಕೆನ್ ಪೇಟೆಯಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋಗಿದ್ದೆ. ನೀವು ತೀರಿಕೊಂಡ ವರ್ಷವೇ ಗಡಿಯಲ್ಲಿ ಕಾದಾಟವಾಗಿ ನಮ್ಮೂರಿನ ಮೇಲೆ ಶೆಲ್ ಬಿದ್ದವು. ಅಂದಿನಿಂದ ಗಾಳಿಗೆ ಮಾಡಿನ ತಗಡು ಬಡಿದರೂ ನಾನು ಮೇಜಿನಡಿ ಸೇರುತ್ತೇನೆ.

ಡಾಕ್ಟರ್ ಬುರುಲಾಯ್ ಒಳಗೋಡೆಯ ಹತ್ತಿರದ ಮೆತ್ತನೆಯ ಕುರ್ಚಿ ತೋರಿಸಿದರು. ನಾನು ಸ್ಟೂಲು ಎಳೆದುಕೊಂಡು ಬಾಗಿಲ ಪಕ್ಕ ಕೂತೆ.

"ಮನೇಲೂ ಹೀಗೇ ಕೂರ್ತೀರಾ?"

"ನಮ್ಮಪ್ಪ ಕೂರ್ತಿದ್ರು. ಅಫ್ಘಾನ್ ಯುದ್ಧದಿಂದ ಬಂದ್ಮೇಲೆ."

ಯಾವ ಔತಣದಲ್ಲೂ ಹಿರಿಯರ ಜಾಗ ಬಾಗಿಲಿಂದ ದೂರ, ಒಳಗಡೆ. ಅಲ್ಲಿ ನಿಮಗೆಂದು ಹಾಸಿದ ಮೆತ್ತೆ ಖಾಲಿ ಉಳಿಯುತ್ತಿತ್ತು. ನೀವು ಮಾತ್ರ ಸೊಸೆಯಂದಿರು ಚಹಾ ಬಗ್ಗಿಸುವ ಕಡೆ, ಬಾಗಿಲಲ್ಲಿ ಬಿಚ್ಚಿಟ್ಟ ಬೂಟುಗಳ ಪಕ್ಕ ಕೂರುತ್ತಿದ್ದಿರಿ. "ನಮ್ಮನೇಲಿ ಬೂಟು ಕಳ್ಳತನ ಆಗಲ್ಲಪ್ಪ, ಕಾವಲಿಗೆ ಇವರಿದಾರೆ" ಎಂದು ಅಮ್ಮ ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ನೀವೂ ನಗುತ್ತಿದ್ದಿರಿ.

"ಇದಕ್ಕೆ ಚಿಕಿತ್ಸೆ ಇದೆ," ಎಂದರು ಡಾಕ್ಟರ್. "ಅಪಾಯ ಮುಗಿದ್ರೂ ಮೈ ಇನ್ನೂ ಕಾವಲು ಕಾಯ್ತಾ ಇರತ್ತೆ. ಮುಗೀತು ಅಂತ ಅದಕ್ಕೆ ನಿಧಾನಕ್ಕೆ ಹೇಳ್ಕೊಡ್ಬೇಕು. ಮುಂದಿನ ವಾರ ಸ್ಟೂಲನ್ನ ಒಂಚೂರು ಒಳಗೆ ಹಾಕ್ಕೊಳ್ಳಿ, ಅಷ್ಟು ಸಾಕು."

"ವಯಸ್ಸಾದವ್ರಿಗೂ ವಾಸಿಯಾಗತ್ತಾ?"

"ಯಾಕಾಗಲ್ಲ? ನಿಮ್ಮಪ್ಪನ್ನೂ ಕರ್ಕೊಂಡ್ ಬನ್ನಿ."

ಆಗಲಿ ಎಂದೆ.

ಮುಂದಿನ ವಾರ ನಾನು ಒಳಗೆ ಸರಿದು ಕೂರುತ್ತೇನೆ. ಬಾಗಿಲ ಪಕ್ಕ ಜಾಗವಿರುತ್ತದೆ.

ನಿಮ್ಮ ಮಗಳು,
ಜಿಪಾರ್